ಹುಣಸೇಕಟ್ಟೆ ಹಾಲ್ಟಿಗೆ ಹಾಕಿದ ಟವೆಲ್

ಇಸವಿ ೨೧೯೮, ಫೆಬ್ರವರಿ ಮೂವತ್ತು.
(ತಪ್ಪು ಬರೆದಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಅದರ ಪಾಲು ಕೊಟ್ಟಿದ್ದಾರೆ.)

ಮಂಡ್ಯದಿಂದ ಬೆಂಗಳೂರಿಗೆ ಬೆಳಗಿನ ಪ್ಯಾಸೆಂಜರಿನಲ್ಲಿ ಓಡಾಡುವ ಪಾಸುದಾರರಿಗೆ, ಇನ್ನೂ ಹುಟ್ಟದ ಪುಟ್ಟಬೋರನ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೆಯ ತರಗತಿ. ಆದರೂ ನಿಮ್ಮ ಕಾಲದ ಕನ್ನಡವನ್ನು ನನ್ನಷ್ಟು ಚೆನ್ನಾಗಿ ಬರೆಯುವವರು ಈ ಜಿಲ್ಲೆಯಲ್ಲಿಲ್ಲ. ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ನಮಗೆ ರೈಲಿಲ್ಲ. ನಾವು ನೂಕುಗಾಳಿಯಲ್ಲಿ ಹೋಗುತ್ತೇವೆ. ಅಂದರೆ ಒಬ್ಬೊಬ್ಬರನ್ನೂ ಒಂದೊಂದು ಡಬ್ಬಿಯಲ್ಲಿ ಕೂರಿಸಿ ಕೊಳವೆಯೊಳಗೆ ಊದಿಬಿಡುತ್ತಾರೆ. ಕಿಟಕಿಯಿಲ್ಲ, ಪಕ್ಕದಲ್ಲಿ ಮೊಣಕೈ ತಿವಿಯುವವರಿಲ್ಲ, ಜಗಳವಾಡೋಣವೆಂದರೂ ಜನರಿಲ್ಲ. ಅದಕ್ಕೇ ನಾನೂ ನನ್ನ ಅಕ್ಕನ ಮಗ ಧರಣೇಶನೂ ಸೇರಿ ನಿಮ್ಮ ರೈಲುದಾರಿಯನ್ನು ಮಂಚದಗಲದ ಹಲಗೆಯ ಮೇಲೆ ಪುಟ್ಟದಾಗಿ ಕಟ್ಟಲು ಹೊರಟೆವು. ಅವನು ಓದಿದವನು, ಹಳಿಯ ನಕ್ಷೆ ಅವನದು. ಜೀವ ತುಂಬಿದ್ದು ನಾನು. ಮದ್ದೂರಿನ ಪ್ಲಾಟ್‌ಫಾರಮ್ಮಿಗೆ ಸಾಸಿವೆ ಕಾಳನ್ನು ಚಪ್ಪಟೆ ಮಾಡಿ ವಡೆ ಇಟ್ಟೆ. ಬಾಗಿಲಲ್ಲಿ ಜೋತುಬಿದ್ದವರನ್ನು ಬೇವಿನ ಕಡ್ಡಿಯಲ್ಲಿ ಕೊರೆದೆ. ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುತ್ತಿರುವ ಒಬ್ಬನನ್ನಂತೂ ನೋಡಿದವರು, ಇವನು ಉಸಿರಾಡುತ್ತಾನೆ ಎಂದರು.

ಮಂಚದಗಲದಲ್ಲಿ ಎಲ್ಲ ಸ್ಟೇಷನ್ನೂ ಹಿಡಿಸುವುದಿಲ್ಲ. ಯಾವುದನ್ನು ಬಿಡುವುದು ಎಂಬುದೇ ಈ ಕಸುಬಿನ ಕಷ್ಟ. ರಾಮನಗರ, ಬಿಡದಿ ಬಿಡಲು ಒಪ್ಪಿದೆ. ಹುಣಸೇಕಟ್ಟೆ ಹಾಲ್ಟ್ ಮಾತ್ರ ಬೇಕೆಂದೆ. ಅದು ನಮ್ಮೂರು. ನನ್ನ ಮುತ್ತಜ್ಜಿಯ ಅಜ್ಜಿ ಲಕ್ಕಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ರೈಲು ಹತ್ತುತ್ತಿದ್ದದ್ದು ಅಲ್ಲಿಂದ. ಅವಳಿಂದ ನಮ್ಮ ಮನೆಗೆ ಬಂದ ಕಟ್ಟಳೆ ಒಂದಿದೆ: ಟವೆಲ್ ಬಿದ್ದ ಜಾಗ ಹಾಕಿದವರದು. ಮದುವೆ ಪಂಕ್ತಿಯಲ್ಲೂ ನಾವು ವೈರಿಯ ಟವೆಲ್ ಸರಿಸುವುದಿಲ್ಲ. ಹಾಗಾಗಿ ಹಲಗೆಯ ಮೂಲೆಯಲ್ಲಿ ಹೆಬ್ಬೆರಳಗಲದ ಕೆಂಪು ಟವೆಲ್ ಹಾಸಿ, ನಮ್ಮ ಹಾಲ್ಟ್ ಬರುತ್ತದೆಂದು ಊರಿಗೆಲ್ಲ ಡಂಗುರ ಹೊಡೆದೆ. ಧರಣೇಶ, "ಆಯ್ತು ಮಾವ, ನೀನು ಟವೆಲ್ ಹಾಕುದ್ಮೇಲೆ ಮುಗೀತು" ಎಂದಿದ್ದ.

ಹಲಗೆಯನ್ನು ಜನರಿಗೆ ತೋರಿಸುವ ಪ್ರದರ್ಶನದ ದಿನ ಊರವರನ್ನೆಲ್ಲ ಕರೆದುಕೊಂಡು ಹೋದೆ. ಟವೆಲ್ ಇರಲಿಲ್ಲ. ಹಾಲ್ಟೂ ಇರಲಿಲ್ಲ. ಆ ಮೂಲೆಯಲ್ಲಿ ಹಳಿ ಅಗಲವಾಗಿ ಬಾಗಿಕೊಂಡು ಹೋಗಿತ್ತು.

"ಇದ್ಯಾಕ್ಲಾ?" ಎಂದೆ.

"ಎಕ್ಸ್‌ಪ್ರೆಸ್ ತಿರುಗಕ್ಕೆ ಜಾಗ ಬೇಕಿತ್ತು ಮಾವ. ಅಲ್ಲಿ ಯಾರು ಇಳೀತಿದ್ರು ಹೇಳು?"

ಹಿಂದೆ ನಿಂತಿದ್ದ ನಮ್ಮೂರ ಸಿದ್ದಮ್ಮತ್ತೆ, "ನಮ್ಮೂರೆಲ್ಲಪ್ಪ ಬೋರ, ಮಂಚದ ಕೆಳಕ್ಕೆ ಬಿದ್ದೋಯ್ತಾ?" ಎಂದಳು.

ನಿಜವಾದ ಹಾಲ್ಟನ್ನು ಮುಚ್ಚಿದಾಗಲೂ ಇದೇ ಮಾತು ಹೇಳಿದ್ದರಂತೆ. ಎಕ್ಸ್‌ಪ್ರೆಸ್ಸಿಗೆ ದಾರಿ ಬೇಕು, ಅಲ್ಲಿ ಯಾರು ಇಳಿಯುತ್ತಾರೆ. ಪರರು ಹೇಳಿದ್ದನ್ನು ನಮ್ಮ ಮನೆತನ ಸಹಿಸಿಕೊಂಡಿತು. ಈಗ ಲಕ್ಕಮ್ಮನ ರಕ್ತವೇ ಆ ಮಾತಾಡಿದೆ, ಅದೂ ಟವೆಲ್ ಎತ್ತಿ. ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಸುಮ್ಮನೆ ಬರುವ ಆಸಾಮಿ ನಾನಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಆ ಬಾಗಿನ ಮೇಲೆ ಹಾಕಿದೆ. ಹಲಗೆಯ ಮೇಲೆ ಓಡುತ್ತಿದ್ದ ಪುಟ್ಟ ಎಕ್ಸ್‌ಪ್ರೆಸ್ ಬಂದು ಮುಗ್ಗರಿಸಿ ಅಲ್ಲೇ ನಿಂತಿತು. ಇದೂ ಕಾರ್ಯಕ್ರಮವೇ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು. ಧರಣೇಶ ಟವೆಲ್ ಎತ್ತಿ, ನೀಟಾಗಿ ಮಡಿಸಿ, ಮುದುಕರಿಗೆ ಶಾಲು ಹೊದಿಸುವ ಹಾಗೆ ನನ್ನ ಹೆಗಲಿಗೆ ಹಾಕಿದ. ಬೈದಿದ್ದರೆ ವಾಸಿಯಿತ್ತು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದಲ್ಲಿ ಆ ಹಾಲ್ಟ್ ಇನ್ನೂ ಇದೆ. ಕೆಲಸವಿಲ್ಲದಿದ್ದರೂ ಒಮ್ಮೆ ಅಲ್ಲಿ ಇಳಿಯಿರಿ. ಅಲ್ಲಿನ ಹುಣಸೆಮರದಡಿ ಒಂದಿಷ್ಟು ಹೊತ್ತು ಕೂತು, ಮುಂದಿನ ಗಾಡಿಗೆ ಹೋಗಿ. ಯಾರು ಇಳೀತಿದ್ರು ಎಂದು ಅಳಿಯ ಮತ್ತೆ ಕೇಳಿದರೆ, ನಿಮ್ಮ ಹೆಸರು ಹೇಳುತ್ತೇನೆ.

ಇಂತಿ, ನಿಮ್ಮ ಪಕ್ಕದ ಸೀಟಿಗೆ ಈಗಲೇ ಟವೆಲ್ ಹಾಕಿರುವ,
ಹುಣಸೇಕಟ್ಟೆ ಪುಟ್ಟಬೋರ