ದೀಪ ಹಚ್ಚಿದ ಮೇಲೆ

೨೬ ಮಾರ್ಚ್ ೧೯೪೩, ಶುಕ್ರವಾರ. ಸರಸಂಬಾ

ಸುಟ್ಟ ಸೀರೆಯ ವಾಸನೆ ಎಷ್ಟು ಕೈ ತೊಳೆದರೂ ಹೋಗಲೊಲ್ಲದು.

ಯುದ್ಧ ಸುರುವಾದಾಗಿನಿಂದ ಊರಲ್ಲಿ ಕಡ್ಡಿಪೆಟ್ಟಿಗೆ ಸರಿಯಾಗಿ ಸಿಗುವುದಿಲ್ಲ. ಬಾಜು ಮನೆಯಲ್ಲಿ ಒಬ್ಬಳೇ ಇರುವ ಮಲ್ಕಮ್ಮ ದಿನಾ ಸಂಜೆ ಬಂದು ನಮ್ಮ ಒಲೆಯ ಕೆಂಡವನ್ನು ಸಗಣಿ ಕುಳ್ಳಿನ ಮೇಲಿಟ್ಟುಕೊಂಡು ಹೋಗುತ್ತಾಳೆ. ಇವತ್ತು ಅವಳು ಹೊಲದಿಂದ ಬರುವುದು ತಡವಾಯಿತು. ಅವ್ವ ಆಗಲೇ ದೇವರ ಮುಂದೆ ದೀಪ ಹಚ್ಚಿದ್ದಳು.

"ದೀಪ ಹಚ್ಚಿದ ಮ್ಯಾಲೆ ಮನಿ ಬೆಂಕಿ ಹೊರಗ ಕೊಡಬಾರದು ಬೇ. ಅದೂ ಶುಕ್ರವಾರ," ಅಂದಳು ಅವ್ವ.

ಮಲ್ಕಮ್ಮ ಊರಿನ ಆಚೆ ತುದಿಗೆ ಹೋಗಿ ಕೆಂಡ ತಂದಳು. ಗಾಳಿ ಜೋರಿತ್ತು. ಕಿಡಿ ಹಾರಿ ನಮ್ಮ ಜೋಳದ ಕಣಕಿ ಬಣವಿಗೆ ಬಿತ್ತು. ಓಡಿಹೋಗಬಹುದಿತ್ತು. ಓಡದೆ ಸೆರಗಿನಿಂದ ಬಡಿದು ಆರಿಸುತ್ತ ನಿಂತಳು, ನಮ್ಮ ಬಣವಿಯನ್ನು! ಸೆರಗಿಗೇ ಬೆಂಕಿ ಹತ್ತಿತು. ನಾನು ಕಂಬಳಿ ಹೊದಿಸಿ ಎಳೆಯುವಷ್ಟರಲ್ಲಿ ಎದೆ, ಕೈ ಎಲ್ಲ ಬೆಂದಿದ್ದವು.

ಹಕೀಮರು ಮುಲಾಮು ಹಚ್ಚಿದರು. ಹೊಗೆ ಎದೆಗೆ ಇಳಿದಿದೆ, ಆಳಂದದ ದವಾಖಾನೆ ಮುಟ್ಟುವತನಕ ಉಳಿಯಲಿಕ್ಕಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು.

ಮಲ್ಕಮ್ಮ ನಮ್ಮ ಪಡಸಾಲೆಯಲ್ಲೇ ಮಲಗಿದ್ದಾಳೆ. ಅವ್ವ ತಲೆಯ ಬಳಿ ಕೂತು ಗಾಳಿ ಬೀಸುತ್ತಿದ್ದಾಳೆ. ಅವ್ವನ ಮೇಲೆ ಸಿಟ್ಟು ಉಕ್ಕಿ ಬರುತ್ತದೆ. ಬೀಸಣಿಗೆ ಇಸಕೊಂಡು ನಾನು ಬೀಸಲು ಹೋದರೆ ಬಿಡಲೊಲ್ಲಳು.

ಈಗಷ್ಟೇ ಮಲ್ಕಮ್ಮ ಕಣ್ಣು ತೆರೆದಳು.

"ನಾಳಿ ಲಗೂನ ಬರ್ತೇನ್ರಿ ಅವ್ವಾರ. ನೀವು ದೀಪ ಹಚ್ಚೂದಕ್ಕಿಂತ ಮೊದಲ."

ಅವ್ವ ಎದ್ದು ಹೋಗಿ ದೇವರ ಮುಂದಿನ ದೀಪವನ್ನು ಬಾಯಿಂದ ಊದಿ ಆರಿಸಿಬಿಟ್ಟಳು.