ಹಾಡಿಗೊಂದು ಹಕ್ಕಿ

ಯೋಗ್ಯಕರ್ತ, ಸೋಮವಾರ

ನೆರೆಮನೆಯ ದರ್ಸೊನೊ ಅಣ್ಣನವರಿಗೆ,

ಗುರುವಾರ ನನ್ನಾಕೆ ರಹಾಯುವಿನ ಗಂಟಲಿಗೆ ಶಸ್ತ್ರಚಿಕಿತ್ಸೆ. ಆಮೇಲೂ ದನಿ ಉಳಿಯುತ್ತದೆಂದು ಡಾಕ್ಟರು ಬಾಯಿಬಿಟ್ಟು ಹೇಳುತ್ತಿಲ್ಲ. ಅದಕ್ಕೇ ಮನೆಯಲ್ಲೇ ಅವಳ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಸದ್ದು ತಡೆಯಲು ಹಾಸಿಗೆಗಳೆಲ್ಲ ಗೋಡೆಗೆ, ಮಲಗಲು ನಮಗೆ ಚಾಪೆಯೊಂದೇ. ನಿಮ್ಮ ಪರ್ಕುತುತ್ ಹಕ್ಕಿಯ ಕೂಗು ಮೈಕಿಗೆ ಬೀಳದಿರಲೆಂದು ಕಿಟಕಿಗೂ ಕಂಬಳಿ ಬಡಿದಿದ್ದೆ.

ನಿನ್ನೆ ಆ ರೆಕಾರ್ಡಿಂಗ್ ಕೇಳಿಸಿದರೆ ಅವಳು ರೇಗಿದಳು: "ಏನ್ರೀ ಇದು, ನನ್ನನ್ನ ಪೆಟ್ಟಿಗೇಲಿ ಮುಚ್ಚಿಟ್ಟು ಹಾಡಿಸಿದಂಗಿದೆ! ದಿನಾ ಆ ಹಕ್ಕಿ ಜೊತೆಗೇ ಹಾಡ್ತಿದ್ದೋಳು ನಾನು. ಅದನ್ಯಾಕೆ ಹೊರಗಿಟ್ರಿ?"

ಕಂಬಳಿ ಕಿತ್ತಿದ್ದೇನೆ. ನಾಳೆ ಬೆಳಿಗ್ಗೆ ದಯವಿಟ್ಟು ಪಂಜರವನ್ನು ನಮ್ಮ ಕಿಟಕಿಗೇ ತೂಗುಹಾಕಿ, ಅಂಗಳದಲ್ಲಿ ಕೂತಿರಿ. ರೆಕಾರ್ಡಿಂಗ್ ಗುಂಡಿ ಒತ್ತಿ ನಾನೂ ಹೊರಗೆ ಬಂದುಬಿಡುತ್ತೇನೆ. ಹಾಡಿನಲ್ಲಿ ಹಕ್ಕಿ ಇರಲಿ, ನನ್ನ ಬಿಕ್ಕು ಬೇಡ.

ನಿಮ್ಮ,
ಪ್ರಿಹಾದಿ