ಕುಕ್ಕರಿನ ಮುಚ್ಚಳ

ಲೇ ಮೋಸಗಾತಿ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ, ಅಷ್ಟು ಮರ್ಯಾದೆ ನಿನಗೆ ಬೇಡ. ಇವತ್ತು ನರ್ಸ್‌ಗಳ ಹಾಸ್ಟೆಲ್ಲಿನಲ್ಲಿ ಸೂಟ್‌ಕೇಸ್ ಬಿಚ್ಚಿದೆ. ಪರದೇಶಕ್ಕೆ ನಾನು ಹೊತ್ತು ತಂದಿರುವುದು ಬರೀ ಮುಚ್ಚಳ! "ಇಬ್ಬರಿಗೂ ಒಂದೇ ರೂಮು, ಒಂದೇ ಕುಕ್ಕರ್ ಸಾಕು ಕಣೇ. ತೂಕ ಜಾಸ್ತಿಯಾಗುತ್ತೆ, ಮುಚ್ಚಳ ನೀನಿಟ್ಕೋ, ಪಾತ್ರೆ ನಾನು ತರ್ತೀನಿ" ಎಂದು ಹಂಚಿದವಳು ನೀನೇ.

ನಿನಗೆಂದು ಇಟ್ಟಿದ್ದ ಹಾಸಿಗೆಯಲ್ಲೀಗ ಬೇರೊಬ್ಬಳಿದ್ದಾಳೆ. ಮುಚ್ಚಳವನ್ನು ತಿರುಗಿಸಿ ನೋಡಿ, "ಇದರ ಪಾತ್ರೆ ಎಲ್ಲಿ?" ಎಂದಳು. ಮೈಯೆಲ್ಲ ಉರಿದುಹೋಯಿತು.

"ಕೈಕೊಡ್ತು" ಎಂದೆ.

ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿನಗಾಗಿ ಕಾದು ನಿಂತಿದ್ದಾಗ ಫೋನ್ ಮಾಡಿ, "ನಾನು ಬರಲ್ಲ ಕಣೇ" ಎಂದು ಬಿಕ್ಕಿದೆಯಲ್ಲ, ಯಾಕೆಂದಾದರೂ ಹೇಳಬಾರದಿತ್ತೇ?

ಹೇಳುತ್ತಿದ್ದೆಯೇನೋ. "ಹಾಗಾದ್ರೆ ಕುಕ್ಕರ್?" ಎಂದುಬಿಟ್ಟೆ ನಾನು.